ಬಾಂದ್ರಾದ ವಿಳಾಸ, ಗಡಿಯೂರಿನ ಓದುಗ

ಚಂದಾದಾರರ ಪಟ್ಟಿ ಎಂದರೆ ಪತ್ರಿಕೆ ನಡೆಸುವವರಿಗೆ ಹೆಮ್ಮೆ. ಜಾಹೀರಾತು ಕೇಳಲು ಹೋದಲ್ಲೆಲ್ಲ ಮೊದಲು ತೋರಿಸುವುದು ಅದನ್ನೇ. ಆದರೆ 1990ರಲ್ಲಿ ಮುಂಬೈಯಲ್ಲಿ ಶುರುವಾದ ‘ಬಾಂಬೆ ದೋಸ್ತ್’ ಪಾಲಿಗೆ ಅದು ಯಾರ ಕೈಗೂ ಸಿಗಬಾರದ ಕಾಗದವಾಗಿತ್ತು. ಸಿಕ್ಕಿದ್ದರೆ ಒಬ್ಬನ ನೌಕರಿ ಹೋಗಬಹುದಿತ್ತು, ಇನ್ನೊಬ್ಬನ ತಂಗಿಯ ಮದುವೆ ಮುರಿಯಬಹುದಿತ್ತು, ಮತ್ತೊಬ್ಬನ ಮನೆ ಬಾಗಿಲಿಗೆ ಖಾಕಿಯವರು ಬಂದು ಕೈಚಾಚಬಹುದಿತ್ತು. ಸಲಿಂಗಪ್ರೇಮಿಗಳಿಗೆಂದು ಭಾರತದಲ್ಲಿ ನೋಂದಣಿಯಾದ ಮೊದಲ ಪತ್ರಿಕೆ ಅದು. ಸಂಪಾದಕರು ಅಶೋಕ್ ರಾವ್ ಕವಿ. ವಿಳಾಸ: 105, ವೀಣಾ ಬೀಣಾ ಶಾಪಿಂಗ್ ಸೆಂಟರ್, ಬಾಂದ್ರಾ ಪಶ್ಚಿಮ.

ಮುಂಬೈಯ ಈ ಕತೆಯನ್ನು ಆಂಧ್ರದ ಗಡಿಯ ಹಿಂದೂಪುರದ ಕಡೆಯಿಂದ ನೋಡಬೇಕು ಎನಿಸಿದ್ದಕ್ಕೆ ಕಾರಣವಿದೆ. ಬೆಂಗಳೂರಿನಿಂದ ನೂರು ಕಿಲೋಮೀಟರ್ ದೂರದ ಈ ಊರು ಬೆಲ್ಲಕ್ಕೆ, ಹುಣಸೆಹಣ್ಣಿಗೆ, ರೇಷ್ಮೆಗೂಡಿಗೆ ಹೆಸರಾದ ಪೇಟೆ. ಇಲ್ಲಿ ತೆಲುಗು ಪತ್ರಿಕೆ ಓದುವ ಮನೆಯಲ್ಲೇ ಅಜ್ಜಿ ಕನ್ನಡದಲ್ಲಿ ಬಯ್ಯುತ್ತಾಳೆ. ಕಲ್ಯಾಣದುರ್ಗ ಇನ್ನಷ್ಟು ಒಳಗೆ, ಬೋಳು ಕಲ್ಲುಗುಡ್ಡಗಳ, ಶೇಂಗಾ ಹೊಲಗಳ, ಮಳೆಗೆ ಬಾಯ್ಬಿಟ್ಟು ಕಾಯುವ ಸೀಮೆ. 1882ರಲ್ಲಿ ಅನಂತಪುರ ಜಿಲ್ಲೆ ಮೂಡಿದ್ದೇ ಬಳ್ಳಾರಿ ಜಿಲ್ಲೆಯಿಂದ ಒಡೆದು. 1953ರಲ್ಲಿ ಆಂಧ್ರ ರಾಜ್ಯದ ಗೆರೆ ಎಳೆದಾಗ ರಾಯದುರ್ಗ ಆಚೆ ಹೋಯಿತು, ಬಳ್ಳಾರಿ ಈಚೆ ಉಳಿಯಿತು, ಮಡಕಶಿರಾ ಕಡೆಯ ಹಳ್ಳಿಗಳಲ್ಲಿ ಕನ್ನಡ ಶಾಲೆಗಳು ಹಾಗೇ ಮುಂದುವರಿದವು. ಎರಡು ಲಿಪಿಗಳನ್ನು ಸರಾಗವಾಗಿ ಓದುವ ಜನ ಇಲ್ಲಿದ್ದಾರೆ. ಆದರೆ ಇಲ್ಲಿನ ಹದಿನೆಂಟರ ಹುಡುಗನೊಬ್ಬ, ತಾನು ಹುಡುಗಿಯರತ್ತ ಅಲ್ಲ ಹುಡುಗರತ್ತ ಸೆಳೆಯಲ್ಪಡುತ್ತೇನೆ ಎಂದು ಗೊತ್ತಾದ ದಿನ, ಆ ಎರಡು ಲಿಪಿಗಳಲ್ಲಿ ಯಾವ ಪತ್ರಿಕೆಯನ್ನು ತೆರೆಯಬೇಕಿತ್ತು? ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಅವನಿಗೆ ಸಿಗುತ್ತಿದ್ದುದು ‘ವೈದ್ಯರನ್ನು ಕೇಳಿ’ ಅಂಕಣ. ಅದರಲ್ಲಿ ಬರುತ್ತಿದ್ದ ಉತ್ತರ ಬಹಳ ಸಲ ಒಂದೇ: ಮದುವೆ ಮಾಡಿಕೊಳ್ಳಿ, ಸರಿಹೋಗುತ್ತದೆ.

ಬಾಂದ್ರಾದ ಆ ವಿಳಾಸ ಇಂಥವನಿಗಾಗಿ ಇತ್ತು. ಅದು ಅವನವರೆಗೆ ಹೇಗೆ ತಲುಪಬೇಕು ಎಂಬ ಪ್ರಶ್ನೆಯೇ ಈ ಬಗೆಯ ಪತ್ರಿಕೋದ್ಯಮದ ತಿರುಳು ಎಂದು ನನಗನಿಸುತ್ತದೆ. ಬರೆಯುವುದು, ಅಚ್ಚು ಹಾಕಿಸುವುದು ಆಮೇಲಿನ ಕೆಲಸ.

ಸನ್ಯಾಸದಿಂದ ಸುದ್ದಿಮನೆಗೆ

ರಾವ್ ಕವಿ ಹುಟ್ಟಿದ್ದು 1947ರಲ್ಲಿ. ಓದಿದ್ದು ರಸಾಯನಶಾಸ್ತ್ರ, ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ರಾಮಕೃಷ್ಣ ಮಿಷನ್ ಸೇರಿ ಸನ್ಯಾಸದ ದಾರಿ ಹಿಡಿದರು. ತಮ್ಮೊಳಗಿನ ಬೇಗುದಿಯಿಂದ ಪಾರಾಗಲು ಕಾವಿಯೇ ದಾರಿ ಎಂದುಕೊಂಡ ಕಾಲವಿರಬೇಕು ಅದು. ಮಠದಿಂದ ಹೊರಗೆ ಹೋಗಿ ತಾನಿರುವಂತೆ ಬದುಕು ಎಂದು ಅವರಿಗೆ ಧೈರ್ಯ ತುಂಬಿದ ಹಿರಿಯ ಸನ್ಯಾಸಿಯ ಹೆಸರು ಕೇಳಿದರೆ ಕನ್ನಡ ಓದುಗರು ಒಂದು ಕ್ಷಣ ನಿಲ್ಲುತ್ತಾರೆ. ಅವರು ಸ್ವಾಮಿ ಹರ್ಷಾನಂದ. ಬಸವನಗುಡಿಯ ರಾಮಕೃಷ್ಣ ಮಠದ ಅಧ್ಯಕ್ಷರಾಗಿ ದಶಕಗಳ ಕಾಲ ಇದ್ದು, ಹಿಂದೂ ಧರ್ಮದ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಬರೆದು, 2021ರಲ್ಲಿ ತೀರಿಕೊಂಡರಲ್ಲ, ಅವರೇ. ಅವರ ಪ್ರವಚನ ಕೇಳಲು ಬುಲ್ ಟೆಂಪಲ್ ರಸ್ತೆಗೆ ಹೋಗುತ್ತಿದ್ದ ಎಷ್ಟು ಜನರಿಗೆ ಈ ಸಂಗತಿ ಗೊತ್ತಿತ್ತೋ! ಧರ್ಮದ ಹೆಸರಲ್ಲಿ ಈ ಮಕ್ಕಳನ್ನು ಬಯ್ಯುವವರು ಸಾಕಷ್ಟಿದ್ದಾರೆ. ಅಂಥ ಮಾತು ಬಂದಾಗಲೆಲ್ಲ ನನಗೆ ಈ ಸನ್ಯಾಸಿ ನೆನಪಾಗುತ್ತಾರೆ.

1974ರಲ್ಲಿ ರಾವ್ ಕವಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಸೇರಿದರು. ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಮುಖ್ಯ ವರದಿಗಾರರಾದರು. ಮಲಯಾಳ ಮನೋರಮಾ ಬಳಗದ ‘ದಿ ವೀಕ್’, ‘ಸಂಡೇ ಮೇಲ್’, ‘ದಿ ಡೈಲಿ’ಗಳಲ್ಲೂ ದುಡಿದರು. ಬರ್ಲಿನ್ನಿನಲ್ಲಿ ಪತ್ರಿಕೋದ್ಯಮದ ತರಬೇತಿಯನ್ನೂ ಪಡೆದರು. ಈ ಹೆಸರುಗಳ ಸಾಲಿಗೊಂದು ಮಹತ್ವವಿದೆ. ‘ಬಾಂಬೆ ದೋಸ್ತ್’ ತಂದವರು ಹವ್ಯಾಸಿಯಲ್ಲ. ರಾತ್ರಿ ಪಾಳಿ, ಪೊಲೀಸ್ ಠಾಣೆಯ ಸುದ್ದಿ, ಮುದ್ರಕನ ತಕರಾರು, ಕೊನೆ ಗಳಿಗೆಯಲ್ಲಿ ಕತ್ತರಿಸಬೇಕಾದ ಕಾಲಂ, ಎಲ್ಲವನ್ನೂ ಹದಿನಾರು ವರ್ಷ ಅರೆದು ಕುಡಿದವರು. ಕಾನೂನಿನ ಸಾಲನ್ನು ಎಲ್ಲಿಯವರೆಗೆ ಎಳೆಯಬಹುದು, ಎಲ್ಲಿ ಅದು ಹರಿಯುತ್ತದೆ ಎಂಬುದು ಮುಖ್ಯ ವರದಿಗಾರನಾಗಿದ್ದವನಿಗೆ ವಕೀಲರಷ್ಟೇ ಚೆನ್ನಾಗಿ ಗೊತ್ತಿರುತ್ತದೆ.

1986ರಲ್ಲಿ ‘ಸ್ಯಾವಿ’ ಮಹಿಳಾ ಪತ್ರಿಕೆಯಲ್ಲಿ ಅವರು ತಮ್ಮ ಹೆಸರು, ಮುಖ ಎರಡನ್ನೂ ಇಟ್ಟು ‘ನಾನು ಗೇ’ ಎಂದು ಹೇಳಿಕೊಂಡರು. ಜೊತೆಗೆ ಅವರ ತಾಯಿಯ ಸಂದರ್ಶನವೂ ಇತ್ತು. ನಮ್ಮಲ್ಲಿ ಇಂಥ ಮಾತು ಬಂದಾಗ ಮೊದಲ ಪ್ರಶ್ನೆಯೇ ‘ಅಮ್ಮನಿಗೆ ಗೊತ್ತಾ?’ ಎಂಬುದು. ಆ ಪ್ರಶ್ನೆಗೆ ಅದೇ ಸಂಚಿಕೆಯಲ್ಲಿ ಉತ್ತರ ಕೊಡಿಸಿದ್ದನ್ನು ನೋಡಿದರೆ ಒಳಗಿದ್ದ ಪತ್ರಕರ್ತ ಕಾಣುತ್ತಾನೆ. ನಾಲ್ಕು ವರ್ಷದ ನಂತರ, ನಲವತ್ತಮೂರನೇ ವಯಸ್ಸಿನಲ್ಲಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಸ್ವಂತ ಪತ್ರಿಕೆಗೆ ಕೈಹಾಕಿದರು.

ಆ ಪತ್ರಿಕೆಯ ಪುಟಗಳಿಗೆ ರೂಪ ಕೊಟ್ಟವರಲ್ಲಿ ಒಬ್ಬರು ನಮ್ಮ ಮಂಡ್ಯದವರು. ಮಂಡ್ಯದಲ್ಲಿ ಹುಟ್ಟಿ, ಐಐಟಿ ಬಾಂಬೆಯ ಕೈಗಾರಿಕಾ ವಿನ್ಯಾಸ ಕೇಂದ್ರದಲ್ಲಿ ಓದಿದ ಶ್ರೀಧರ್ ರಂಗಾಯಣ್ ಇಂದು ಚಲನಚಿತ್ರ ನಿರ್ದೇಶಕರೆಂದೇ ಪರಿಚಿತರು. 2003ರ ‘ಗುಲಾಬಿ ಆಯಿನಾ’ಕ್ಕೆ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. 2010ರಿಂದ ಮುಂಬೈಯಲ್ಲಿ ನಡೆಯುತ್ತಿರುವ ‘ಕಶಿಶ್’ ಚಿತ್ರೋತ್ಸವ ಅವರು ಕಟ್ಟಿದ್ದು. ‘ಈವ್ನಿಂಗ್ ಶ್ಯಾಡೋಸ್’ ಚಿತ್ರದಲ್ಲಿ ದಕ್ಷಿಣದ ಪುಟ್ಟ ಊರಿನ ತಾಯಿಯೊಬ್ಬಳು ಮಗನ ಸತ್ಯವನ್ನು ಕೇಳಿಸಿಕೊಳ್ಳಲು ಪಡುವ ಪಾಡಿದೆ. ಮುಂಬೈಯ ಇಂಗ್ಲಿಷ್ ಬಲ್ಲವರ ಪತ್ರಿಕೆ ಎಂದು ‘ಬಾಂಬೆ ದೋಸ್ತ್’ ಅನ್ನು ಬದಿಗೆ ಸರಿಸುವವರು ಅದರ ಹಿಂದಿದ್ದ ಈ ಸಣ್ಣ ಊರುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮುಚ್ಚಿದ ಲಕೋಟೆಗೆ ಹೆಚ್ಚು ಸ್ಟ್ಯಾಂಪು

ಪತ್ರಿಕೆ ಮುಂಬೈಯ ಕೆಲವೇ ಅಂಗಡಿಗಳಲ್ಲಿ, ಅದೂ ಮುಚ್ಚುಮರೆಯಲ್ಲಿ ಮಾರಾಟವಾಗುತ್ತಿತ್ತು. ಹೊರಗಿನವರಿಗೆ ಅಂಚೆಯೇ ಗತಿ. ಅಂಚೆಯ ಒಳಗುಟ್ಟು ಪತ್ರಿಕೆ ನಡೆಸಿದವರಿಗೆ ಗೊತ್ತು. ಆಗ ದರ ಅಗ್ಗವಾಗಬೇಕೆಂದರೆ ಬುಕ್‌ಪೋಸ್ಟ್ ಮಾಡಬೇಕಿತ್ತು. ಬುಕ್‌ಪೋಸ್ಟ್ ಎಂದರೆ ಬಾಯಿ ಅಂಟಿಸುವಂತಿರಲಿಲ್ಲ. ಒಳಗೇನಿದೆ ಎಂದು ಅಂಚೆಯವರು ಎಳೆದು ನೋಡುವಂತೆ ಬಿಟ್ಟಿರಬೇಕಿತ್ತು. ಅಂಟಿಸಿದ ಲಕೋಟೆಗೆ ಪತ್ರದ ದರ. ಅಂದರೆ ಗುಟ್ಟಿಗೆ ಹೆಚ್ಚು ಸ್ಟ್ಯಾಂಪು. ನೋಂದಾಯಿತ ಪತ್ರಿಕೆಗೆ ಸಿಗುವ ರಿಯಾಯಿತಿ ಬೇಕಿದ್ದರೆ ಅದು ಇಂಥ ಪತ್ರಿಕೆ ಎಂದು ಮೇಲೆಯೇ ತಿಳಿಯಬೇಕಿತ್ತು. ಬೇರೆ ಯಾವ ಪತ್ರಿಕೆಗೂ ಇದು ತಲೆನೋವಲ್ಲ. ಇಂಥ ಪತ್ರಿಕೆಗೆ ಮಾತ್ರ ಪ್ರತಿ ಲಕೋಟೆಯ ಮೇಲೂ ಒಂದು ನಿರ್ಧಾರ ಬೇಕು.

ಕಲ್ಯಾಣದುರ್ಗದಂಥ ಊರನ್ನು ನೆನೆಸಿಕೊಳ್ಳಿ. ಅಂಚೆಯಣ್ಣನಿಗೆ ಓಣಿಯ ಪ್ರತಿ ಮನೆಯ ಸಾಲ, ನಿಶ್ಚಿತಾರ್ಥ, ಪರೀಕ್ಷೆಯ ಫಲಿತಾಂಶ ಎಲ್ಲ ಗೊತ್ತು. ಮಗನ ಹೆಸರಿಗೆ ಬಂದ ಕಾಗದವನ್ನು ಅಪ್ಪ ಒಡೆದು ನೋಡುವುದನ್ನು ಯಾರೂ ತಪ್ಪೆಂದು ಭಾವಿಸುವುದಿಲ್ಲ. ಅಂಥ ಮನೆಗೆ ಪತ್ರಿಕೆ ಕಳಿಸುವ ಸಂಪಾದಕನ ಮುಂದೆ, ತಾನು ಕಳಿಸುವ ಸಂಚಿಕೆ ಒಬ್ಬನನ್ನು ಉಳಿಸುತ್ತದೋ ಮುಗಿಸುತ್ತದೋ ಎಂಬ ಪ್ರಶ್ನೆ ಇದ್ದೇ ಇರುತ್ತದೆ.

ಕಾನೂನೂ ಹೆಗಲ ಮೇಲೆ ಕೂತಿತ್ತು. ಎಲ್ಲರೂ ಹೇಳುವುದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್. ಆದರೆ ಅದು ಕೃತ್ಯಕ್ಕೆ ಸಂಬಂಧಿಸಿದ್ದು, ಮಾತಿಗಲ್ಲ. ಅಚ್ಚಿಗೆ ನೇರ ಭಯವಿದ್ದುದು ಅಶ್ಲೀಲ ಪ್ರಕಟಣೆಯ 292ನೇ ಸೆಕ್ಷನ್ನಿನಿಂದ, ಮತ್ತು ಅಶ್ಲೀಲವಾದದ್ದನ್ನು ಅಂಚೆಯಲ್ಲಿ ಕಳಿಸುವಂತಿಲ್ಲ ಎಂದ 1898ರ ಅಂಚೆ ಕಾಯ್ದೆಯ 20ನೇ ಸೆಕ್ಷನ್ನಿನಿಂದ. ಅಶ್ಲೀಲ ಯಾವುದು ಎಂದು ಮೊದಲು ತೀರ್ಮಾನಿಸುವವನು ನ್ಯಾಯಾಧೀಶನಲ್ಲ, ಠಾಣೆಯ ಇನ್ಸ್‌ಪೆಕ್ಟರೋ ಅಂಚೆ ಕಚೇರಿಯ ಮೇಲಧಿಕಾರಿಯೋ. 2001ರ ಜುಲೈನಲ್ಲಿ ಲಖನೌದಲ್ಲಿ ಏಡ್ಸ್ ತಡೆಯ ಕೆಲಸ ಮಾಡುತ್ತಿದ್ದವರನ್ನು ಪೊಲೀಸರು ಬಂಧಿಸಿದಾಗ ಕಚೇರಿಯಲ್ಲಿದ್ದ ತಿಳಿವಳಿಕೆಯ ಸಾಹಿತ್ಯವನ್ನೂ ಹೊತ್ತೊಯ್ದರು. ಆ ಕಾರ್ಯಕರ್ತರು 47 ದಿನ ಜೈಲಿನಲ್ಲಿದ್ದರು.

ಅಂಚೆಯ ಜೊತೆಗಿನ ಈ ಜಟಾಪಟಿ ನಮ್ಮ ದೇಶದ್ದು ಮಾತ್ರವಲ್ಲ. 1947ರಲ್ಲಿ ಲಾಸ್ ಏಂಜಲೀಸಿನ ಸಿನಿಮಾ ಸ್ಟುಡಿಯೊ ಒಂದರಲ್ಲಿ ಟೈಪಿಸ್ಟ್ ಆಗಿದ್ದ ಎಡಿತ್ ಐಡಿ, ‘ಲೀಸಾ ಬೆನ್’ ಎಂಬ ಹೆಸರಿನಲ್ಲಿ ‘ವೈಸ್ ವರ್ಸಾ’ ಎಂಬ ಪತ್ರಿಕೆ ತಂದರು. ಮುದ್ರಣಾಲಯ ಯಾವುದು ಎಂದರೆ ಕಚೇರಿಯ ಟೈಪ್‌ರೈಟರು ಮತ್ತು ಕಾರ್ಬನ್ ಹಾಳೆ. ಮೊದಲು ಅಂಚೆಗೆ ಹಾಕುತ್ತಿದ್ದವರು, ಜೈಲಾದೀತು ಎಂದು ಗೆಳತಿಯೊಬ್ಬಳು ಎಚ್ಚರಿಸಿದ ಮೇಲೆ ಕೈಯಿಂದ ಕೈಗೆ ಕೊಡತೊಡಗಿದರು. ಒಂಬತ್ತು ಸಂಚಿಕೆಗೆ ನಿಂತಿತು. 1953ರಲ್ಲಿ ಅದೇ ಊರಿನಿಂದ ಹೊರಟ ‘ವನ್’ ಪತ್ರಿಕೆಯ 1954ರ ಅಕ್ಟೋಬರ್ ಸಂಚಿಕೆಯನ್ನು ಪೋಸ್ಟ್‌ಮಾಸ್ಟರ್ ತಡೆಹಿಡಿದ. ಕೆಳಗಿನ ಎರಡೂ ಕೋರ್ಟುಗಳು ಅವನ ಪರವಾಗಿ ನಿಂತವು. 1958ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಾದ ಕೂಡ ಕೇಳದೆ ಆ ತೀರ್ಪನ್ನು ರದ್ದು ಮಾಡಿತು. ಅಲ್ಲಿನ ಸಂಪಾದಕರಿಗೆ ಆಮೇಲೆ ಅಂಚೆಪೆಟ್ಟಿಗೆಯ ಭಯ ಇಳಿಯಿತು. ನಮ್ಮಲ್ಲಿ ಅಂಥ ತೀರ್ಪಿನ ಆಸರೆಯಿಲ್ಲದೆಯೇ ರಾವ್ ಕವಿ ಶುರುಮಾಡಿದ್ದು.

ಅವರಿಗಿಂತ ಮುಂಚೆ ಏನೂ ಇರಲಿಲ್ಲ ಎಂದಲ್ಲ. ಅಮೆರಿಕದಲ್ಲಿದ್ದ ಅರವಿಂದ್ ಕುಮಾರ್ ಮತ್ತು ಸುವೀರ್ ದಾಸ್ 1986ರಲ್ಲಿ ‘ತ್ರಿಕೋನ್’ ಶುರುಮಾಡಿದ್ದರು. ಮುಂದೆ ಅದರ ಸಂಪಾದಕರಾದ ಕೋಲ್ಕತ್ತದ ಸಂದೀಪ್ ರಾಯ್ ಸಾಫ್ಟ್‌ವೇರ್ ಬಿಟ್ಟು ಪೂರ್ತಿ ಪತ್ರಕರ್ತರಾದರು. ಇವರೆಲ್ಲರಿಗಿಂತ ಮೊದಲು, 1977ರಲ್ಲೇ, ಬೆಂಗಳೂರಿನ ಮಗಳೊಬ್ಬಳು ಈ ವಿಷಯದ ಮೇಲೆ ಇಡೀ ಪುಸ್ತಕ ಬರೆದಿದ್ದಳು. ‘ದಿ ವರ್ಲ್ಡ್ ಆಫ್ ಹೋಮೊಸೆಕ್ಷುಯಲ್ಸ್’. ಬರೆದವರು ಗಣಿತದ ಶಕುಂತಲಾ ದೇವಿ! ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿದ್ದಕ್ಕೆ ಅವರನ್ನು ಶಾಲೆಗಳಲ್ಲಿ ನೆನೆಯುತ್ತೇವೆ. ಈ ಪುಸ್ತಕದ ಸುದ್ದಿ ಯಾವ ಪಾಠದಲ್ಲೂ ಬಂದದ್ದು ನನಗೆ ಕಂಡಿಲ್ಲ.

ಕಾಗದಗಳು ಕಟ್ಟಿದ ಸಂಸ್ಥೆ

ಇಂಥ ಪತ್ರಿಕೆಗೆ ಬರುವ ಕಾಗದಗಳ ಬಗೆಯೇ ಬೇರೆ. ‘ಸಂಪಾದಕೀಯ ಸೊಗಸಾಗಿತ್ತು’ ಎಂದು ಬರೆಯಲು ಇಲ್ಲಿ ಯಾರಿಗೂ ವ್ಯವಧಾನವಿಲ್ಲ. ಬರುವ ತಿಂಗಳು ನನ್ನ ಮದುವೆ, ಏನು ಮಾಡಲಿ? ಮೈಮೇಲೆ ಗುಳ್ಳೆ ಎದ್ದಿದೆ, ಯಾವ ಡಾಕ್ಟರು ಬಯ್ಯದೆ ನೋಡುತ್ತಾರೆ? ನನ್ನಂಥವನು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದಾನೆಯೇ? ಮುಂದಿನ ಸಂಚಿಕೆಯವರೆಗೆ ಕಾಯಿಸುವಂಥ ಪ್ರಶ್ನೆಗಳಲ್ಲ ಇವು. ಉತ್ತರ ಬರೆಯಲು ಕೂತ ಸಂಪಾದಕನಿಗೆ ಡಾಕ್ಟರು ಬೇಕಾಗುತ್ತದೆ, ವಕೀಲ ಬೇಕಾಗುತ್ತದೆ, ಕೂತು ಮಾತಾಡಲು ಒಂದು ಕೋಣೆ ಬೇಕಾಗುತ್ತದೆ. ಅದು ಏಡ್ಸ್ ಕಾಲ ಬೇರೆ. 1994ರಲ್ಲಿ ಪತ್ರಿಕೆಯ ಬೆನ್ನಿಗೇ ‘ಹಮ್‌ಸಫರ್ ಟ್ರಸ್ಟ್’ ಹುಟ್ಟಿತು. ಮುಂಬೈ ಮಹಾನಗರ ಪಾಲಿಕೆ ಸಾಂತಾಕ್ರೂಜಿನ ವಾಕೋಲಾದಲ್ಲಿ ತನ್ನ ಹಳೆಯ ಕಟ್ಟಡದಲ್ಲಿ ಜಾಗ ಕೊಟ್ಟಿತು. ಸರ್ಕಾರದ ಒಂದು ಕೈಯಲ್ಲಿ 377, ಇನ್ನೊಂದು ಕೈಯಲ್ಲಿ ಕೋಣೆಯ ಕೀಲಿಕೈ. ನಮ್ಮ ದೇಶ ಹೀಗೇ.

ಟ್ರಸ್ಟ್ ಬೆಳೆದಂತೆ ಪತ್ರಿಕೆ ಸೊರಗಿತು. ಕಾರ್ಯಾಗಾರ, ರಕ್ತಪರೀಕ್ಷೆ, ಯೋಜನಾ ವರದಿ, ಅನುದಾನದ ಲೆಕ್ಕ ಇವುಗಳ ನಡುವೆ ಕರಡು ತಿದ್ದಲು ಹೊತ್ತೆಲ್ಲಿ? ಜಾಹೀರಾತಂತೂ ಬರುವ ಮಾತೇ ಇರಲಿಲ್ಲ. 2002ರಲ್ಲಿ ‘ಬಾಂಬೆ ದೋಸ್ತ್’ ನಿಂತಿತು. ಇದನ್ನು ಸೋಲು ಎನ್ನುವವರಿದ್ದಾರೆ. ತನ್ನ ಓದುಗರ ಕಾಗದಗಳಿಗೆ ಪೂರ್ತಿ ಉತ್ತರ ಕೊಡಲು ಹೋಗಿ ನಿಂತ ಪತ್ರಿಕೆ ಇನ್ನೊಂದು ಇದ್ದರೆ ನನಗೆ ತೋರಿಸಲಿ. ಆದರೂ ಒಳಗಿನ ಪತ್ರಕರ್ತನ ಪಕ್ಷ ವಹಿಸಿ ಒಂದು ಮಾತು ಹೇಳಬೇಕು. ಸಂಸ್ಥೆಯ ವರದಿಯನ್ನು ಓದುವವನು ಅನುದಾನ ಕೊಟ್ಟವನು. ಪತ್ರಿಕೆಯನ್ನು ಓದುವವನು ಬಾಗಿಲು ಹಾಕಿಕೊಂಡು ಕೂತ ಹುಡುಗ. ಮೊದಲನೆಯದು ಎರಡನೆಯದರ ಜಾಗ ತುಂಬುವುದಿಲ್ಲ.

2009ರ ಏಪ್ರಿಲ್‌ನಲ್ಲಿ ಪತ್ರಿಕೆ ಹೊಳೆಯುವ ಕಾಗದದಲ್ಲಿ ಮತ್ತೆ ಬಂತು. ನಟಿ ಸೆಲಿನಾ ಜೇಟ್ಲಿ ಬಿಡುಗಡೆ ಮಾಡಿದರು. ಜುಲೈ 2ರಂದು ದೆಹಲಿ ಹೈಕೋರ್ಟ್ 377ರ ಹಲ್ಲು ಕಿತ್ತಿತು. ಅದೇ ವರ್ಷ ಉದಯನ್ ಧರ್ ಅವರ ‘ಪಿಂಕ್ ಪೇಜಸ್’, ಮರುವರ್ಷ ಸುಖದೀಪ್ ಸಿಂಗ್ ಅವರ ‘ಗೇಲ್ಯಾಕ್ಸಿ’ ಅಂತರ್ಜಾಲದಲ್ಲಿ ಕಂಡವು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಮತ್ತೆ ಹಿಂದಕ್ಕೆ ತಳ್ಳಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಕೊನೆಗೂ ಬಿಡಿಸಿತು. ಆ ಅರ್ಜಿದಾರರ ಸಾಲಿನಲ್ಲಿ ಎಪ್ಪತ್ತು ದಾಟಿದ್ದ ರಾವ್ ಕವಿಯೂ ಇದ್ದರು.

ಅವರು ಸಂತರೇನಲ್ಲ. ನಾಲಗೆ ಹರಿತ. 1995ರಲ್ಲಿ ಸ್ಟಾರ್ ವಾಹಿನಿಯ ‘ನಿಕ್ಕಿ ಟುನೈಟ್’ನಲ್ಲಿ ಗಾಂಧೀಜಿಯ ಬಗ್ಗೆ ಅವರಾಡಿದ ಒರಟು ಮಾತಿನಿಂದ ದೇಶದಲ್ಲಿ ಗದ್ದಲವೆದ್ದು ಆ ಕಾರ್ಯಕ್ರಮವೇ ನಿಂತುಹೋಯಿತು. ಪತ್ರಿಕೆಯೂ ಹೆಚ್ಚಾಗಿ ಗಂಡಸರದ್ದೇ ಆಗಿತ್ತು. ಹೆಣ್ಣುಮಕ್ಕಳು ತಮ್ಮದನ್ನು ತಾವೇ ಕಟ್ಟಿಕೊಳ್ಳಬೇಕಾಯಿತು: ಮುಂಬೈಯ ‘ಸ್ತ್ರೀ ಸಂಗಮ್’ ಬಳಗದ ‘ಸ್ಕ್ರಿಪ್ಟ್ಸ್’, ಕೋಲ್ಕತ್ತದ ‘ಸ್ಯಾಫೊ’ ಬಳಗದ ಪತ್ರಿಕೆ ‘ಸ್ವಕಂಠೆ’.

ಅಪ್ಪನ ಮೇಜಿನ ಮೇಲಿನ ಕತೆ

ಕನ್ನಡದಲ್ಲಿ ಕೆಲಸ ಬೇರೆ ದಾರಿ ಹಿಡಿಯಿತು. ಬೆಂಗಳೂರಿನಲ್ಲಿ 1994ರಲ್ಲಿ ‘ಗುಡ್ ಆ್ಯಸ್ ಯು’ ಬಳಗ, 1999ರಲ್ಲಿ ‘ಸಂಗಮ’ ಶುರುವಾದವು. 2001ರಲ್ಲಿ ಪಿಯುಸಿಎಲ್ ಕರ್ನಾಟಕ ಘಟಕ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ವರದಿ ತಂದಿತು. ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ರೇವತಿ ಅವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು, ಎಂ. ಗಣೇಶ್ ನಿರ್ದೇಶನದಲ್ಲಿ ಅದು ರಂಗದ ಮೇಲೆ ಊರೂರು ಸುತ್ತಿತು. ‘ರೇಡಿಯೊ ಆ್ಯಕ್ಟಿವ್’ 90.4ರಲ್ಲಿ ಟ್ರಾನ್ಸ್‌ಜೆಂಡರ್ ಆರ್‌ಜೆ ಪ್ರಿಯಾಂಕಾ ಕನ್ನಡದಲ್ಲೇ ಮಾತಾಡಿದರು. ಆದರೆ ತಿಂಗಳು ತಿಂಗಳು ಅಚ್ಚಾಗಿ ಪೇಟೆಯ ಅಂಗಡಿಗೆ ಬರುವ ಕನ್ನಡ ಪತ್ರಿಕೆಯೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಅದರ ಬದಲು ನಡೆದದ್ದು ಕುತೂಹಲದ ಸಂಗತಿ. ವಿವೇಕ ಶಾನಭಾಗ ಸಂಪಾದಿಸುತ್ತಿದ್ದ ತ್ರೈಮಾಸಿಕ ‘ದೇಶ ಕಾಲ’ದಲ್ಲಿ ‘ಕಗ್ಗಂಟು’ ಎಂಬ ಕತೆ ಬಂತು. ಬರೆದವರು ಷಣ್ಮುಖ ಎಸ್. ಆ ಹೆಸರಿನ ಹಿಂದಿದ್ದವರು ವಸುಧೇಂದ್ರ, ಕಲ್ಯಾಣದುರ್ಗದಂತೆಯೇ ಹಳೆಯ ಬಳ್ಳಾರಿ ಸೀಮೆಗೆ ಅಂಟಿಕೊಂಡ ಸಂಡೂರಿನವರು. ಅಷ್ಟು ಹೊತ್ತಿಗೆ ಅವರು ಓದುಗರಿಗೆ ಅಚ್ಚುಮೆಚ್ಚಿನ ಪ್ರಬಂಧಕಾರ, ‘ಛಂದ ಪುಸ್ತಕ’ದ ಪ್ರಕಾಶಕ, ಹೊಸಬರ ಹಸ್ತಪ್ರತಿಗಳನ್ನು ಸ್ಪರ್ಧೆಯಿಟ್ಟು ಆರಿಸಿ ಅಚ್ಚು ಹಾಕುತ್ತಿದ್ದವರು. ಬೇರೆಯವರ ಪುಸ್ತಕದ ಮೇಲೆ ಧೈರ್ಯವಾಗಿ ಹೆಸರು ಹಾಕುತ್ತಿದ್ದ ಪ್ರಕಾಶಕ ತನ್ನ ಕತೆಗೆ ಮರೆ ಹುಡುಕಬೇಕಾಯಿತು. 2013ರಲ್ಲಿ ‘ಮೋಹನಸ್ವಾಮಿ’ ಸಂಕಲನ ಬಂದಾಗ ಮುಖಪುಟದ ಮೇಲೆ ಸ್ವಂತ ಹೆಸರೇ ಇತ್ತು. 2016ರಲ್ಲಿ ರಶ್ಮಿ ತೇರದಾಳ ಅನುವಾದದಲ್ಲಿ ಇಂಗ್ಲಿಷಿಗೂ ಹೋಯಿತು. ಆಮೇಲೆ ಬಾಂದ್ರಾದಲ್ಲಿ ಆದದ್ದೇ ಇಲ್ಲೂ ಆಯಿತು. ಸಣ್ಣ ಊರುಗಳ ಹುಡುಗರು ಲೇಖಕರಿಗೆ ಫೋನ್ ಮಾಡತೊಡಗಿದರು. ಕತೆಗಾರ ಕೇಳಿಸಿಕೊಳ್ಳುವವರಾದರು.

ಸಾಮಾನ್ಯ ಸಾಹಿತ್ಯ ಪತ್ರಿಕೆಯಲ್ಲಿ ಇಂಥ ಕತೆ ಬಂದದ್ದರಿಂದ ದೊಡ್ಡ ಅನುಕೂಲವಾಯಿತು ಎಂದು ನನ್ನ ಎಣಿಕೆ. ಅದಕ್ಕೆ ರ‍್ಯಾಪರ್ ಬೇಕಿಲ್ಲ. ಬಾಂದ್ರಾಕ್ಕೆ ಕಾಗದ ಬರೆಯುವ ಎದೆಗಾರಿಕೆ ಇಲ್ಲದವನೂ ಅಪ್ಪನ ಮೇಜಿನ ಮೇಲಿನ ತ್ರೈಮಾಸಿಕವನ್ನು ಯಾರ ಅಪ್ಪಣೆಯೂ ಇಲ್ಲದೆ ಓದಬಹುದು. ಅಪ್ಪನೂ ಓದುತ್ತಾನೆ, ಅದೇ ದೊಡ್ಡದು. ‘ಬಾಂಬೆ ದೋಸ್ತ್’ ಮಾಡಲಾಗದ್ದನ್ನು ಆ ಒಂದು ಕತೆ ಮಾಡಿತು. ಆದರೆ ಕತೆ ಒಮ್ಮೆ ಬಂದು ಹೋಗುತ್ತದೆ. ಅನಂತಪುರದಲ್ಲಿ ಯಾವ ಡಾಕ್ಟರು ಬಯ್ಯುವುದಿಲ್ಲ, ಮನೆಯವರು ಮಂತ್ರವಾದಿ ಹತ್ತಿರ ಕರೆದೊಯ್ದರೆ ಯಾರಿಗೆ ಫೋನ್ ಮಾಡಬೇಕು, 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಒಪ್ಪದ ತೀರ್ಪು ಬಂದ ಮೇಲೆ ಜೊತೆಗಾರರ ಬ್ಯಾಂಕ್ ಖಾತೆ, ಆಸ್ಪತ್ರೆಯ ಸಹಿ ಇವುಗಳ ಗತಿಯೇನು ಎಂಬುದನ್ನು ಕತೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅದು ಪತ್ರಿಕೆಯ ಕೆಲಸ, ತಿಂಗಳಿಗೊಮ್ಮೆ ಬೇಸರವಿಲ್ಲದೆ ಅದದೇ ಪ್ರಶ್ನೆಗಳಿಗೆ ಉತ್ತರಿಸುವ ಸಂಪಾದಕನ ಕೆಲಸ.

ಫೋನಿನಲ್ಲಿ ಎಲ್ಲ ಸಿಗುತ್ತದಲ್ಲ ಎನ್ನುತ್ತಾರೆ. ಸಿಗುತ್ತದೆ, ಇಂಗ್ಲಿಷಿನಲ್ಲಿ, ದಿಲ್ಲಿ ಮುಂಬೈ ವಿಳಾಸಗಳ ಜೊತೆ. ಕೂಡುಕುಟುಂಬದಲ್ಲಿ ಫೋನಿನ ಪರದೆಯೂ ಬಾಯಿ ಅಂಟಿಸದ ಲಕೋಟೆಯೇ. ಯಾರೋ ಪಕ್ಕದಲ್ಲಿ ಕೂತು ನೋಡುತ್ತಿರುತ್ತಾರೆ.

1867ರ ಕಾಯ್ದೆಯಡಿ ಪತ್ರಿಕೆ ತೆಗೆಯಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಕೊಡಬೇಕಿತ್ತು. ಅದರ ಜಾಗಕ್ಕೆ ಬಂದ 2023ರ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಹೆಸರಿಗೂ ನೋಂದಣಿಗೂ ಒಟ್ಟಿಗೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಹಿಂದೂಪುರದಲ್ಲೇ ಕೂತು, ಒಂದು ಬದಿ ಕನ್ನಡ ಇನ್ನೊಂದು ಬದಿ ತೆಲುಗು ಇರುವ ಪತ್ರಿಕೆ ತರಲು ಇಂದು ಯಾವ ಸೆಕ್ಷನ್ನೂ ಅಡ್ಡ ನಿಲ್ಲುವುದಿಲ್ಲ. ಬರೆಯುವವರಿದ್ದಾರೆ, ಬಳ್ಳಾರಿಯಲ್ಲೂ ಅನಂತಪುರದಲ್ಲೂ. ಖರ್ಚು ಹುಟ್ಟುವುದೆಲ್ಲಿ ಎಂಬ ಪ್ರಶ್ನೆಯೊಂದು ಉಳಿದಿದೆ. ಅದಕ್ಕೆ ಹದಿನಾರು ವರ್ಷದ ಅನುಭವವಿದ್ದ ರಾವ್ ಕವಿಗೂ ಉತ್ತರ ಸಿಕ್ಕಿರಲಿಲ್ಲ.